ಹುಳದ ಮನೆಯಲ್ಲಿ ಇನ್ನೊಬ್ಬರು

ನಮ್ಮ ಕಡೆ ರೇಷ್ಮೆ ಹುಳ ಮೇಯುವ ಮನೆಯೊಳಗೆ ಹೊರಗಿನವರು ಕಾಲಿಡುವಂತಿಲ್ಲ. ಒಡಹುಟ್ಟಿದವರಾದರೂ ಅಷ್ಟೆ. ರೋಗ ತರುತ್ತಾರೆ ಅನ್ನುವುದು ಒಂದು ಕಾರಣ, ದೃಷ್ಟಿಯಾಗುತ್ತದೆ ಅನ್ನುವುದು ಇನ್ನೊಂದು. ಮೊದಲನೆಯದನ್ನು ನಾನು ಒಪ್ಪುತ್ತೇನೆ, ಎರಡನೆಯದಕ್ಕೆ ನಗುತ್ತೇನೆ. ಹುತ್ತೂರಿನ ಹತ್ತಿರ ಹುಳ ಸಾಕುವ ನನ್ನ ಅಕ್ಕ ಎರಡನ್ನೂ ನಂಬುವವಳು. "ಬರೋಕೆ ಹೋಗ್ಬೇಡ ಕಣೇ, ಫೋನಲ್ಲೇ ನೋಡು" ಅನ್ನುತ್ತಾಳೆ. ಮಾಲೂರಿನ ನನ್ನ ಮನೆಯಲ್ಲಿ ಕೂತು ನಾನು ನೋಡುತ್ತೇನೆ.

ಆ ಹುಳದ ಮನೆಯನ್ನು ಮೊದಲು ಆಳಿದವರು ಅಕ್ಕನ ಅತ್ತೆ. ಕೊನೆಕೊನೆಗೆ ಅವರಿಗೆ ಉಸಿರೇ ಸಿಗುತ್ತಿರಲಿಲ್ಲ. ನಡುಗಂಬ ಹಿಡಿದು, ಬಾಗಿ ನಿಂತು, ಸುಧಾರಿಸಿಕೊಂಡು ಮತ್ತೆ ಸೊಪ್ಪು ಹಾಕುತ್ತಿದ್ದರು. ಈ ಧೂಳು ನಿಮಗಾಗದು ಎಂದು ಡಾಕ್ಟರು ಹೇಳಿದರೂ ಕೇಳಲಿಲ್ಲ. ಅವರು ತೀರಿಹೋದ ಮೇಲೆ ಅಕ್ಕ ಒಬ್ಬಳೇ. ಭಾವ ಕಾರ್ಖಾನೆಯಿಂದ ಮನೆ ಸೇರುವಷ್ಟರಲ್ಲಿ ಕತ್ತಲಾಗಿರುತ್ತದೆ.

ಅವತ್ತು ಮುಸ್ಸಂಜೆ ಅಕ್ಕ ವಿಡಿಯೋ ಕರೆ ಮಾಡಿದಳು. ಎಂದಿನಂತೆ ಹಿಂಬದಿ ಕ್ಯಾಮೆರಾ. ತಿಂಗಳಿನಿಂದ ಅವಳ ಮುಖವನ್ನೇ ನಾನು ಸರಿಯಾಗಿ ನೋಡಿರಲಿಲ್ಲ. ಕೇಳಿದರೆ, "ನನ್ ಮುಖ ಏನ್ ನೋಡ್ತೀಯ, ಹುಳ ನೋಡೇ" ಅನ್ನುತ್ತಿದ್ದಳು. ಹುಳ ಮೇಯುವ ಸದ್ದು ಸೋನೆ ಮಳೆಯಂತೆ ಕೇಳುತ್ತಿತ್ತು. ಫೋನು ಹುಳದ ತಟ್ಟೆಗಳನ್ನು ದಾಟಿ ಗೋಡೆಯ ಕಡೆಗೆ ಹೊರಳಿತು. ಕಂಬದ ಹತ್ತಿರ ಯಾರೋ ಬಾಗಿ ನಿಂತಿದ್ದರು.

"ಅಕ್ಕ, ಅಲ್ ಯಾರು?"

"ಎಲ್ಲಿ?"

"ಕಂಬದ ಹತ್ರ."

"ಎವರೂ ಲೇರು ಕಣೇ" ಅಂದಳು. ಯಾರೂ ಇಲ್ಲವಂತೆ. ನಮ್ಮಮ್ಮ ಗೌನಿಪಲ್ಲಿ ಕಡೆಯವಳು. ತಬ್ಬಿಬ್ಬಾದರೆ ನಮಗಿಬ್ಬರಿಗೂ ತೆಲುಗೇ ಬಾಯಿಗೆ ಬರುವುದು.

ಕರೆಯ ನಡುವೆ ಫೋಟೋ ತೆಗೆಯಲೆಂದೇ ಪರದೆಯ ಮೇಲೊಂದು ಬಿಳಿ ಗುಂಡಿಯಿದೆ. ಒತ್ತಿದೆ. ಪರದೆ ಒಮ್ಮೆ ಮಿಂಚಿತು. ಕರೆ ಮುಗಿದ ಮೇಲೆ ಗ್ಯಾಲರಿ ತೆರೆದರೆ ಅಲ್ಲಿ ಫೋಟೋನೇ ಇಲ್ಲ. ಬೆಳಿಗ್ಗೆ ತೆಗೆದ ತೆಂಗಿನಕಾಯಿ ಚಟ್ನಿ ಇದೆ, ಅದರ ಮುಂದೆ ಏನೂ ಇಲ್ಲ.

ನಮ್ಮ ಮನೆಮಂದಿಗೆಲ್ಲ ಫೋನ್ ರಿಪೇರಿ ಮಾಡಿಕೊಡುವವಳು ನಾನು. ಜಾಗ ತುಂಬಿದೆಯೇನೋ ಎಂದು ಹಳೆಯ ವಿಡಿಯೋಗಳನ್ನು ಅಳಿಸಿದೆ. ಫೋನನ್ನು ಆರಿಸಿ ಹಚ್ಚಿದೆ. ಅಪ್‌ಡೇಟ್ ಹಾಕಿದೆ. ಮರುದಿನ ಮಧ್ಯಾಹ್ನ ನನ್ನ ಮಗಳಿಗೆ ಕರೆ ಮಾಡಿ ಪರೀಕ್ಷಿಸಿದರೆ ಅವಳ ಫೋಟೋ ಚೆನ್ನಾಗಿಯೇ ಉಳಿಯಿತು. ಹಾಗಾದರೆ ಹುಳದ ಮನೆಯದು ಮಾತ್ರ ಏಕೆ ಉಳಿಯಲಿಲ್ಲ? ದೆವ್ವಗಿವ್ವ ಎಲ್ಲ ಸುಳ್ಳು ಎಂದು ಊರಿಗೆಲ್ಲ ಹೇಳುವವಳು ನಾನು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಆ ಸಂಜೆ ಹೊತ್ತಿಗೆ ಮುಂಚೆಯೇ ಮನೆಯ ದೀಪಗಳನ್ನೆಲ್ಲ ಹಾಕಿದೆ.

ಅಕ್ಕನ ಕರೆ ಮತ್ತೆ ಬಂತು. ಹುಳ ನಾಲ್ಕನೇ ಜ್ವರಕ್ಕೆ ಕೂತಿತ್ತು. ಪೊರೆ ಬಿಡುವ ಹೊತ್ತಿಗೆ ನಮ್ಮವರು ಜ್ವರ ಅನ್ನುತ್ತಾರೆ. ಆಗ ಹುಳ ಮೇಯುವುದಿಲ್ಲ, ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ. ತಟ್ಟೆತಟ್ಟೆಯಲ್ಲೂ ಎತ್ತಿದ ತಲೆಗಳು. ಸೋನೆಯ ಸದ್ದು ನಿಂತುಹೋಗಿತ್ತು. ಆ ನಿಶ್ಶಬ್ದದಲ್ಲಿ ಸುಂಯ್, ಸುಂಯ್ ಎಂದು ಏನೋ ಸಿಳ್ಳೆಯಾಡುತ್ತಿತ್ತು. ನೆಟ್‌ವರ್ಕ್ ಇರಬೇಕು ಅಂದುಕೊಂಡೆ. ಫೋನು ಗೋಡೆಯ ಕಡೆ ಹೊರಳಿದಾಗ ನಿನ್ನೆ ಕಂಡವರು ಅಲ್ಲೇ ಇದ್ದರು. ಅದೇ ಕಂಬ, ಅದೇ ಬಾಗಿದ ಬೆನ್ನು. ಅಕ್ಕನ ಅತ್ತೆ ನಿಲ್ಲುತ್ತಿದ್ದುದು ಹಾಗೆಯೇ.

ಬಿಳಿ ಗುಂಡಿ ಒತ್ತಿದೆ, ಉಳಿಯಲಿಲ್ಲ. ಸ್ಕ್ರೀನ್‌ಶಾಟ್ ಹೊಡೆದೆ, ಬರೀ ಬೂದು ಚೌಕಗಳು ಬಂದವು. ಅಲ್ಲಿ ನಿಂತಿರುವುದು ಕಳ್ಳನೋ, ಇನ್ನೇನೋ. ಅಕ್ಕ ಅದರ ಜೊತೆ ಒಬ್ಬಳೇ ಇದ್ದಾಳೆ.

ಆಗ ಹೊಳೆಯಿತು. ಆ ಫೋಟೋವನ್ನು ತೆಗೆದು ಕಳಿಸುವುದು ನನ್ನ ಫೋನಲ್ಲ, ಆ ಕಡೆಯದು. ಕ್ಷಣಹೊತ್ತಿನ ಚಲನೆಯನ್ನೂ ಹಿಡಿಯುವ ಆ ಲೈವ್ ಫೋಟೋಗೆ ಎರಡೂ ಫೋನುಗಳು ಒಪ್ಪಿರಬೇಕು.

"ಅಕ್ಕ, ಸೆಟ್ಟಿಂಗ್ಸಿಗೆ ಹೋಗಿ ವಿಡಿಯೋ ಕರೆ ಅಂತಿರೋದನ್ನ ಒತ್ತು. ಕೆಳಗಡೆ ಲೈವ್ ಫೋಟೋ ಅಂತ ಐತಾ? ಆನ್ ಮಾಡು."

"ಅದನ್ನ ನಾನೇ ಆಫ್ ಮಾಡ್ಸಿದ್ದು. ಹುಳಕ್ಕೆ ದೃಷ್ಟಿ ಆಗಲ್ವೇನೇ?"

"ನಿನ್ ಹುಳ ಹಾಳಾಗ್ಲಿ! ಅಲ್ಲಿ ಯಾರೋ ಅವ್ರೆ ಅಂತೀನಿ."

ಅಕ್ಕ ನಗಲು ಹೋಗಿ ಕೆಮ್ಮಿದಳು. "ಯಾರೂ ಇಲ್ಲ ಅಂತ ನೀನೇ ನೋಡ್ಕೋ, ತಗೋ" ಎಂದು ಒತ್ತಿದಳು.

ನಾನು ಬಿಳಿ ಗುಂಡಿ ಒತ್ತಿದೆ. ಈ ಸಲ ಫೋಟೋ ಉಳಿಯಿತು. ಕರೆಯ ಮಸುಕು ಅದರಲ್ಲಿರಲಿಲ್ಲ; ತಟ್ಟೆಯ ಒಂದೊಂದು ಬಿದಿರುಕಡ್ಡಿಯೂ ಕಾಣುತ್ತಿತ್ತು. ಕಂಬದ ಹತ್ತಿರ ಮನುಷ್ಯರು ಯಾರೂ ಇರಲಿಲ್ಲ. ಬಾಗಿಲ ಪಕ್ಕದ ಬಲ್ಬು ಗೋಡೆಯ ಮೇಲೆ ಓರೆಯಾಗಿ ಚೆಲ್ಲಿದ ನೆರಳು ಅದು, ಕಂಬವೂ ನೆರಳೇ. ನೆರಳಿನ ಒಂದು ಕೈ ಕಂಬ ಹಿಡಿದಿತ್ತು, ಇನ್ನೊಂದು ಕೈಯಲ್ಲಿ ಫೋನಿತ್ತು. ಫೋಟೋದ ಮೇಲೆ ಬೆರಳಿಟ್ಟರೆ ಅದು ಕ್ಷಣಹೊತ್ತು ಅಲ್ಲಾಡುತ್ತದಲ್ಲ, ಹಾಗೆ ಬೆರಳಿಟ್ಟೆ. ನೆರಳಿನ ಬೆನ್ನು ಉಬ್ಬಿತು, ಕುಸಿಯಿತು, ಮತ್ತೆ ಉಬ್ಬಿತು. ಸಿಳ್ಳೆ ನೆಟ್‌ವರ್ಕಿನದಲ್ಲ, ಫೋನು ಹಿಡಿದವಳ ಉಸಿರಿನದೆಂದು ಆಗ ತಿಳಿಯಿತು. ದೆವ್ವವೇ ಆಗಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಭಾವನಿಗೆ ಫೋನ್ ಮಾಡಿ, ಬೆಳಗಿನ ಮೊದಲ ಬಸ್ಸು ಹಿಡಿದೆ. ಹೋದಾಗ ಅಕ್ಕ ಹುಳದ ಮನೆಯಲ್ಲೇ ಇದ್ದಳು, ತಟ್ಟೆಗಳ ಮೇಲೆ ಬಟ್ಟೆಯಲ್ಲಿ ಕಟ್ಟಿದ ಸುಣ್ಣದ ಪುಡಿ ಉದುರಿಸುತ್ತಿದ್ದಳು. ಬಿಳಿ ಧೂಳಿನ ನಡುವೆ ಅವಳ ಮುಖ ಸೊರಗಿ ಅರ್ಧವಾಗಿತ್ತು.

"ಒಳಗ್ ಬರ್ಬೇಡ ಕಣೇ, ಹುಳ ಜ್ವರದಿಂದ ಇನ್ನೂ ಎದ್ದಿಲ್ಲ" ಅಂದಳು. ಅಷ್ಟು ಹೇಳುವುದರೊಳಗೆ ಉಸಿರಿಗಾಗಿ ಎರಡು ಸಲ ನಿಂತಳು.

ನಾನು ಕಾಲೂ ತೊಳೆಯದೆ ಒಳಗೆ ನುಗ್ಗಿದೆ. ಫೋಟೋವನ್ನು ಅವಳ ಕಣ್ಣ ಮುಂದೆ ಹಿಡಿದೆ. ಬಹಳ ಹೊತ್ತು ನೋಡಿದಳು. ಕಣ್ಣಲ್ಲಿ ನೀರು ತುಂಬಿತು.

"ನಮ್ಮತ್ತೆ ಕಣೇ. ಹೆಂಗ್ ಬಂದ್ರು?"

"ನಿಮ್ಮತ್ತೆ ಯಾವತ್ ಫೋನ್ ಹಿಡ್ಕೊಂಡಿದ್ರು ಅಕ್ಕ?"

ಅವಳು ಮತ್ತೆ ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿದಳು, ಆಮೇಲೆ ತಾನು ಹಿಡಿದಿದ್ದ ಕಂಬದ ಕಡೆ. ಸುಣ್ಣದ ಬಟ್ಟೆ ಕೆಳಗಿಟ್ಟಳು. ನನ್ನ ತೋಳು ಹಿಡಿದು ಹೊರಗೆ ಬಂದು ಜಗಲಿಯ ಮೇಲೆ ಕೂತಳು.

"ಉಸಿರು ಸಿಗಲ್ಲ ಕಣೇ" ಅಂದಳು. "ಯುಗಾದಿಯಿಂದಾನೂ."