ಹೆಬ್ಬೆಟ್ಟಿಗೆ ಮುನ್ನ ಓದಿ ಹೇಳುವ ಸಾರಿಕಾ

ಅಥಣಿ ಕೋರ್ಟಿನ ಗೇಟು ಇನ್ನೂ ತೆರೆದಿಲ್ಲ. ಬೆಳಗಿನ ಆರೂವರೆ. ಎದುರಿನ ತಗಡಿನ ಶೆಡ್ಡಿನಲ್ಲಿ ಸಾರಿಕಾ ಟೈಪ್‌ರೈಟರಿನ ಮೇಲೆ ಹೊದಿಸಿದ ಟವೆಲ್ಲು ತೆಗೆಯುತ್ತಾಳೆ. ಆ ಯಂತ್ರದ ಸದ್ದಿಗೆ ಸತ್ತಿ ಊರಿನ ಹೊಳೆಯ ಮೊಸಳೆಗಳೂ ಎದ್ದು ಕೂತಾವು. ಇವಳು ಮಾತ್ರ ಇಪ್ಪತ್ತೆರಡು ವರ್ಷದಿಂದ ಅದರ ಮುಂದೆಯೇ ಕೂತಿದ್ದಾಳೆ.

ಇಂದಿನ ಮೊದಲ ಗಿರಾಕಿ ಮಂಗಸೂಳಿಯ ಸತ್ತೆವ್ವ. ಮಗ ಮಾಳಸಿದ್ದ ಹೊಡೆದಾಟದ ಕೇಸಿನಲ್ಲಿ ಜೈಲಿನಲ್ಲಿದ್ದಾನೆ. ಅಂಗಿಯ ಅಂಚಿನಲ್ಲಿ ನಶೆಯದೆಂಬ ಅನುಮಾನದ ಹಳದಿ ಪುಡಿ ಬಚ್ಚಿಟ್ಟಿದ್ದನೆಂದು ಅಲ್ಲಿಯವರು ವಿಚಾರಣೆ ಮಾಡಿ, ಅವನಿಗೆ ಸಿಗಬೇಕಿದ್ದ ಅರವತ್ತು ದಿನಗಳ ಶಿಕ್ಷೆ ಮಾಫಿ ಕಿತ್ತುಕೊಂಡಿದ್ದಾರೆ. ತಾಯಿಯ ಭೇಟಿಯನ್ನೂ ನಿಲ್ಲಿಸಿದ್ದಾರೆ. ಪುಡಿ ತನ್ನದಲ್ಲವೆಂದು ಅವನು ಹಾಕಿದ ಅರ್ಜಿ ಬಿದ್ದುಹೋಗಿದೆ. ಈಗ ಮೇಲ್ಮನವಿ. ವಕೀಲ ಶ್ರೀಪಾಲ ಎಂಟರ ಬಸ್ಸಿಗೆ ಧಾರವಾಡದ ಹೈಕೋರ್ಟಿಗೆ ಹೊರಡುವ ಮೊದಲು ತಾಯಿಯ ಹೇಳಿಕೆ ಅವರ ಕೈಸೇರಬೇಕು.

ದಿನಕ್ಕೆ ಇಪ್ಪತ್ತು ಕಾಗದ ಬಡಿಯುವ ಸಾರಿಕಾ ಜೈಲಿನವರ ಮನೆಯವರನ್ನು ಹಿಂದೆ ಕಳಿಸುವುದಿಲ್ಲ. ಉಳಿದ ಟೈಪಿಸ್ಟರು ಪೊಲೀಸರ ಅಂಜಿಕೆಗೆ ಮಾರು ದೂರ ಸರಿಯುತ್ತಾರೆ. ನಿನಗೆ ಅಂಜಿಕೆ ಇಲ್ಲವೇ ಎಂದು ನಾವು ಕೇಳುತ್ತೇವೆ.

"ಅಂಜಿಕಿ ಇಲ್ಲಂದ್ರ ಸುಳ್ಳ ಆಕ್ಕೈತ್ರಿ" ಎನ್ನುತ್ತಾಳೆ. "ಹೋದ ವರ್ಷ ಯಾವನೋ ಬಂದ, 'ಭಾಳ ಟೈಪ್ ಮಾಡಾಕತ್ತಿ ನೀ' ಅಂದು ಹೋದ. ಎಂಟ ದಿನ ರೊಟ್ಟಿ ಇಳೀಲಿಲ್ಲ."

ಮೈ ನೋಡಿದರೆ ಒಂದು ಹೊತ್ತು ಬಿಟ್ಟಿದ್ದಾಳೆಂದೂ ಅನ್ನಿಸದು. ಆದರೆ ಪೊಲೀಸ್ ಜೀಪಿನ ಸದ್ದಾದರೆ ಅವಳ ಬೆರಳುಗಳು ಕೀಲಿಗಳ ಮೇಲೇ ನಿಂತುಬಿಡುತ್ತವೆ. ಅದು ಸುಳ್ಳಲ್ಲ.

ಹೆಬ್ಬೆಟ್ಟು ಒತ್ತಿಸುವ ಮೊದಲು ಕಾಗದವನ್ನು ಪೂರ್ತಿ ಓದಿ ಹೇಳುವುದು ಅವಳ ಕಟ್ಟಳೆ. "ನಮ್ಮಪ್ಪ ಏನ ಬರ್ದಾರ ಅಂತ ಕೇಳದ ಒತ್ತಿದ. ಹೊಲ ಹೋತು."

ಇಂದೂ ಓದುತ್ತಾಳೆ. 'ಆ ಪುಡಿ ಎಲ್ಲಿಂದ ಬಂತೆಂದು ನನಗೆ ಗೊತ್ತಿಲ್ಲ' ಎಂಬಲ್ಲಿಗೆ ಬಂದಾಗ ಸತ್ತೆವ್ವ ಶಾಯಿ ಹತ್ತಿದ ಬೆರಳನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾಳೆ.

"ಯಾಕಬೇ ಆಯಿ?"

"ಅದು ಭಂಡಾರ, ತಂಗಿ. ಮಲ್ಲಯ್ಯನ ಗುಡಿ ಅರಿಶಿಣ. ನಾನ ಅಂಗಿ ಅಂಚಿನ್ಯಾಗ ಇಟ್ಟು ಹೊಲ್ದು ಕೊಟ್ಟಿದ್ದೆ. ದೇವ್ರು ಕಾಯ್ಲಿ ಅಂತ."

"ಮಗಗ ಗೊತ್ತಿಲ್ಲೇನ?"

"ಗೊತ್ತೈತಿ. ನನ್ನೂ ಒಳಗ ಹಾಕ್ತಾರಂತ ಬಾಯಿ ಬಿಟ್ಟಿಲ್ಲ."

ಸಾರಿಕಾ ಶ್ರೀಪಾಲರಿಗೆ ಫೋನು ಹಚ್ಚುತ್ತಾಳೆ. ಆ ಕಡೆಯ ದನಿ ನಮಗೂ ಕೇಳುತ್ತದೆ: "ಖರೇ ಬರೀರಿ. ಮಗನ ಮಾತ ಆಮ್ಯಾಲ ನಾ ತಿದ್ದಸ್ತೀನಿ. ಆದ್ರ ಮುದುಕಿ ಮ್ಯಾಲೂ ಕೇಸ್ ಆಗಬಹುದು, ಅದನ್ನ ಆಕಿಗಿ ಮೊದಲ ತಿಳಿಸ್ರಿ."

ಸಾರಿಕಾ ತಿಳಿಸುತ್ತಾಳೆ. ಸತ್ತೆವ್ವ ಕೇಳುತ್ತಾಳೆ: "ಒಳಗ ಹಾಕೇ ಬಿಡ್ತಾರೇನ?"

"ಗೊತ್ತಿಲ್ಲ ಆಯಿ. ಇಲ್ಲಂತ ನಾ ಹ್ಯಾಂಗ ಹೇಳ್ಲಿ?"

"ಹಾಕಿದ್ರ ಹಾಕ್ಲಿ. ಮಗನ ಮಾರಿ ಆದ್ರೂ ಕಾಣ್ತೈತಿ."

"ಹೆಣ್ಮಕ್ಕಳನ್ನ ಬ್ಯಾರೆ ಕಡೆ ಇಡ್ತಾರಬೇ."

ಸತ್ತೆವ್ವ ಗೇಟಿನ ಕಡೆ ನೋಡುತ್ತಾಳೆ. ಅಲ್ಲಿ ಯಾರೂ ಇಲ್ಲ. "ಟೈಪ್ ಮಾಡು" ಎನ್ನುತ್ತಾಳೆ.

ಸಾರಿಕಾ ಹಳೆಯ ಹಾಳೆ ಹರಿದು ಹೊಸದು ಬಡಿಯುತ್ತಾಳೆ, ಓದುತ್ತಾಳೆ, ಹೆಬ್ಬೆಟ್ಟು ಬೀಳುತ್ತದೆ. ಎಂಟಕ್ಕೆ ಐದು ನಿಮಿಷವಿರುವಾಗ ಶ್ರೀಪಾಲ ಬಂದು ಕಾಗದ ಒಯ್ಯುತ್ತಾರೆ. ಸತ್ತೆವ್ವ ಊರಿನ ಬಸ್ಸು ಹತ್ತುತ್ತಾಳೆ.

ನಿನಗೇನು ಬೇಕು ಎಂದು ಕೇಳಿದರೆ ಸಾರಿಕಾ ಬಸ್ಸು ಹೋದ ದಾರಿಯನ್ನೇ ನೋಡುತ್ತಾಳೆ.

"ಇಷ್ಟ ವರ್ಷದಾಗ ನಾ ಬಡದದ್ದು ಸುಳ್ಳ ಅಂತ ಯಾರೂ ಅಂದಿಲ್ರಿ" ಎನ್ನುತ್ತಾಳೆ. "ಈ ಖರೇ ಕಾಗದ ಹಿಡ್ಕೊಂಡ ಯಾರೂ ಮಂಗಸೂಳಿಗಿ ಆಯಿನ್ನ ಹುಡುಕ್ಕೊಂಡ ಹೋಗದಿದ್ರ ಸಾಕು."