ಮನೆಯೊಳಗಿನ ಟೈಂಪಾಸಿನ ಲೆಕ್ಕ

ಬಿಡುವಿನ ಹೊತ್ತಿನಲ್ಲಿ ಮನೆಯೊಳಗೆ ಏನು ಮಾಡುತ್ತೀರಿ, ಅದಕ್ಕೆಷ್ಟು ಖರ್ಚಾಗುತ್ತದೆ ಎಂದು ಕಂಡವರ ಮನೆಗೆ ಹೋಗಿ ಕೇಳುವುದು ನಮ್ಮಕ್ಕನ ಕೆಲಸ. ಟಿವಿ, ಆಟದ ಸಾಮಾನು, ಹೂಕುಂಡ, ಕಸೂತಿ, ವ್ಯಾಯಾಮದ ಯಂತ್ರ, ಯಾವುದನ್ನೂ ಬಿಡುವುದಿಲ್ಲ. ಮುಂದಿನ ವರ್ಷ ಜನ ಏನು ಕೊಂಡಾರು ಎಂದು ಅವಳ ಕಂಪನಿ ಇದರಿಂದ ಅಂದಾಜು ಮಾಡುತ್ತದೆ. ಈ ಕೆಲಸಕ್ಕೆ ಅವಳು ಹೇಳಿ ಮಾಡಿಸಿದ ಹಾಗಿದ್ದಾಳೆ, ಯಾಕೆಂದರೆ ಅವಳದು ಹುಟ್ಟು ಅನುಮಾನ. ಚಿಕ್ಕಂದಿನಲ್ಲಿ ನಾನು ಜ್ವರ ಎಂದರೆ ಅಮ್ಮನಿಗಿಂತ ಮೊದಲು ಇವಳು ಹಣೆ ಮುಟ್ಟಿ ನೋಡುತ್ತಿದ್ದಳು, ಪ್ರೀತಿಯಿಂದಂತೂ ಅಲ್ಲ.

"ಪುಸ್ತಕ ಓದ್ತೀವಿ ಅಂತಾರೆ ಕಣೇ, ಕಪಾಟಿನ ಮೇಲೆ ಬೆರಳು ಎಳೆದ್ರೆ ಧೂಳು," ಎನ್ನುತ್ತಾಳೆ. "ದಿನಾ ಯಂತ್ರದ ಮೇಲೆ ಓಡ್ತೀನಿ ಅಂದ ಮಹಾರಾಯ, ಅದರ ಮೇಲೆ ಒದ್ದೆ ಟವೆಲ್ ಒಣಹಾಕಿದ್ದ."

ಆದರೆ ಅವರ ಎದುರು ಅವಳ ಮುಖದ ಒಂದು ಗೆರೆಯೂ ಅಲುಗಬಾರದು. ನಗಬಾರದು, ವಾದ ಮಾಡಬಾರದು, ಯಾರ ಉತ್ತರವನ್ನೂ ಹೆಸರು ಹಿಡಿದು ಹೊರಗೆ ಹೇಳಬಾರದು. ಅದು ಕೆಲಸದ ಕಟ್ಟುನಿಟ್ಟು. ಹಗಲೆಲ್ಲ ಹೀಗೆ ಬಿಗಿಹಿಡಿದದ್ದನ್ನು ಅಕ್ಕ ಮನೆಯಲ್ಲಿ ಊಟಕ್ಕೆ ಕೂತಾಗ ಬಿಚ್ಚುತ್ತಿದ್ದಳು. ಹೆಸರು ಹೇಳುತ್ತಿರಲಿಲ್ಲ, ಸರಿ. ಆದರೆ ಗೊಂಬೆಗೆ ಸ್ವೆಟರ್ ಹೆಣೆಯುವ ಮುದುಕರ ದನಿಯನ್ನು, ಮೀನಿಗೆ ಹಾಡು ಹೇಳುವ ಹೆಂಗಸಿನ ಕತ್ತಿನ ಕುಣಿತವನ್ನು ಹಾಗೆಯೇ ಅನುಕರಿಸುತ್ತಿದ್ದಳು.

ಭಾವ ನೀರು ಸರಬರಾಜಿನ ಪಂಪ್ ಹೌಸ್‌ನಿಂದ ಹೋದ ವರ್ಷ ನಿವೃತ್ತರಾದರು. ಸ್ವಲ್ಪ ದಿನದಲ್ಲೇ ಹಿಂದಿನ ಕೋಣೆಗೆ ಬೀಗ ಬಿತ್ತು. ಅಕ್ಕ ಕೇಳಿದರೆ, "ಹಳೇ ಸಾಮಾನು ಜೋಡಿಸ್ತಿದ್ದೀನಿ," ಎಂದರು. ಅವಳು ಕೆಲಸಕ್ಕೆ ಹೋದ ಮೇಲೆ ಪಾರ್ಸೆಲ್ ಬರುತ್ತದೆಂದು ಎದುರುಮನೆಯವರು ಬಾಯಿಬಿಟ್ಟರು. ಖಾಲಿ ಡಬ್ಬವೊಂದೂ ಮನೆಯ ಕಸದಲ್ಲಿ ಸಿಗಲಿಲ್ಲ. ಎಲ್ಲೋ ದೂರ ಎಸೆದು ಬರುತ್ತಿದ್ದರು. ಸಾಲದ್ದಕ್ಕೆ, ಕೇಳದಿದ್ದರೂ ಒಮ್ಮೆ, "ನಾನೇನೂ ಕೊಂಡಿಲ್ಲಪ್ಪ," ಎಂದರಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಅಕ್ಕನ ಅನುಮಾನ ಮೊದಲು ಜೂಜಿನ ಮೇಲೆ ಹೋಯಿತು, ಆಮೇಲೆ ಹೆಂಗಸಿನ ಮೇಲೆ. ಪಂಪ್ ಹೌಸ್ ಬಿಟ್ಟರೆ ಬೇರೆ ಲೋಕ ಕಾಣದ ಭಾವನಿಗೆ ಹೆಂಗಸು ಎಲ್ಲಿಂದ ಸಿಗಬೇಕು ಎಂದು ನಾನು ನಕ್ಕೆ. ಅವಳು ನಗಲಿಲ್ಲ.

"ನಿನ್ನ ಮನೆ ಮುಂದಿನ ಕೋಣೆ ಖಾಲಿ ಮಾಡಿಡು. ನಂಬಿಕೆ ಇಲ್ಲದ ಮೇಲೆ ಅಲ್ಲಿ ಯಾಕಿರಲಿ?" ಎಂದಳು. ಬಟ್ಟೆ ತುಂಬಿದ ಚೀಲ ಅವಳ ಮನೆಯ ಮಂಚದ ಕೆಳಗೆ ಆಗಲೇ ಸಿದ್ಧವಿತ್ತು. ನನಗೆ ನಿಜಕ್ಕೂ ಭಯವಾಯಿತು.

ಹೋಗುವ ಮೊದಲು ಒಂದು ಕೊನೆಯ ಪ್ರಯತ್ನ ಮಾಡಿದಳು. ಅಂಥ ಪ್ರಯತ್ನ ಅವಳೊಬ್ಬಳಿಗೇ ಹೊಳೆಯಬೇಕು. ಹೆಂಡತಿಗೆ ಹೇಳದ್ದನ್ನು ಗಂಡಸರು ಪ್ರಶ್ನೆ ಕೇಳಲು ಬಂದ ಅಪರಿಚಿತಳಿಗೆ ಹೇಳುತ್ತಾರೆಂಬುದು ಅವಳ ಅನುಭವ. ಭಾನುವಾರ ಮಧ್ಯಾಹ್ನ ಕೆಲಸದ ಸೀರೆ ಉಟ್ಟು, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು, ಹೊರಗೆ ಹೋಗಿ ತನ್ನ ಮನೆಯ ಬೆಲ್ ತಾನೇ ಒತ್ತಿದಳು.

ಭಾವ ಬಾಗಿಲು ತೆಗೆದು ಅವಳ ಕೊರಳ ಚೀಟಿ ಓದಿದರು. "ಬನ್ನಿ, ಕೂತ್ಕೊಳ್ಳಿ," ಎಂದರು.

"ನೀವು ಹೇಳಿದ್ದು ಯಾರಿಗೂ ಗೊತ್ತಾಗಲ್ಲ," ಎಂದು ಅಕ್ಕ ಶುರುಮಾಡಿದಳು. "ಮನೇಲಿ ಬಿಡುವಿನ ಹೊತ್ತಿಗೆ ಏನು ಕೊಳ್ತೀರಿ?"

"ಚಿತ್ರದ ಚೂರುಗಳು. ಸಾವಿರಾರು ಇರುತ್ತೆ, ಜೋಡಿಸಿದ್ರೆ ಚಿತ್ರ ಆಗುತ್ತೆ."

"ಯಾರ ಜೊತೆ ಜೋಡಿಸ್ತೀರಿ?"

"ಒಬ್ಬನೇ. ಬೀಗ ಹಾಕ್ಕೊಂಡು."

ಬೀಗದ ಬಗ್ಗೆ ಅವಳ ಹಾಳೆಯಲ್ಲಿ ಪ್ರಶ್ನೆಯೇ ಇರಲಿಲ್ಲ. ಆದರೂ ಕೇಳಿದಳು. "ಮನೆಯವರಿಗೆ ಯಾಕೆ ಹೇಳಿಲ್ಲ?"

ಭಾವ ಕಿಟಕಿಯ ಕಡೆ ನೋಡುತ್ತಾ ಹೇಳಿದರು. "ನನ್ನ ಹೆಂಡತಿ ಊಟಕ್ಕೆ ಕೂತಾಗ ಕಂಡವರ ಹವ್ಯಾಸನೆಲ್ಲ ಆಡಿಕೊಂಡು ನಗ್ತಾಳೆ. ನಾನೂ ನಗ್ತೀನಿ. ಈ ವಯಸ್ಸಲ್ಲಿ ಮಕ್ಕಳ ಆಟ ಆಡ್ತಾನೆ ಅಂತ ನಾಳೆ ನನ್ನನ್ನೂ ಎಲ್ಲಾದರೂ ಆಡಿ ತೋರಿಸಿದ್ರೆ, ನನಗೆ ತಡೆಯೋಕಾಗಲ್ಲ."

ಅಕ್ಕ ಇಷ್ಟನ್ನೂ ನನ್ನ ಅಡುಗೆಮನೆಯಲ್ಲಿ ನಿಂತು ಹೇಳಿದಳು. ಚೀಲ ತಂದಿರಲಿಲ್ಲ. ಯಾರಿಗೂ ಹೇಳಲ್ಲ ಎಂದು ಕೊಟ್ಟ ಮಾತು ಎಲ್ಲಿ ಹೋಯಿತು ಎಂದು ಚುಡಾಯಿಸಲು ಹೊರಟವಳು ಅವಳ ಕಣ್ಣು ನೋಡಿ ಅದನ್ನು ಬಿಟ್ಟೆ.

"ಆಮೇಲೆ?" ಎಂದೆ.

"ಕೋಣೆ ತೆಗೆದು ತೋರಿಸಿದ್ರು. ದೊಡ್ಡ ಹಲಗೆ ಮೇಲೆ ಅರ್ಧ ಆಗಿರೋ ಹಡಗುಕಟ್ಟೆ. ಒಂದೊಂದು ಹಗ್ಗ ಕೂಡ ಕಾಣುತ್ತೆ ಕಣೇ. ತುಂಬಾ ಚೆನ್ನಾಗಿದೆ ಅಂದೆ. ಅಮ್ಮನಾಣೆ, ಮನಸಾರೆ ಅಂದೆ."

"ಅದಕ್ಕೆ ಭಾವ ಏನಂದ್ರು?"

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು.

"ನನ್ನ ಮುಖಾನೇ ನೋಡ್ತಾ ನಿಂತ್ರು, ನಿಜ ಹೇಳ್ತಿದ್ದೀನೋ ಸುಳ್ಳು ಹೇಳ್ತಿದ್ದೀನೋ ಅಂತ. ಆಮೇಲೆ, 'ಸರಿ ಮೇಡಂ, ಪ್ರಶ್ನೆ ಮುಗೀತಾ?' ಅಂದ್ರು."