ಮೊದಲ ಬಹುಮಾನದ ಒಲೆ ಮಗುಚಿದಾಗ

ಕುದಿಯುತ್ತಿದ್ದ ರಾಗಿ ಹಿಟ್ಟಿನ ಪಾತ್ರೆ ಒಲೆ ಸಮೇತ ಮಗುಚಿ, ತೀರ್ಪುಗಾರರ ಕಡೆಗೆ ಉರುಳಿ ಬಂತು. ಐವರು ಗಂಡಸರೂ ಪಂಚೆ, ಪ್ಯಾಂಟು ಎತ್ತಿಕೊಂಡು ಮೇಜು ಹತ್ತಿಬಿಟ್ಟರು. ಹೂವಿನ ತಟ್ಟೆ ಹಿಡಿದು ನಿಂತಿದ್ದ ನನ್ನ ಕಾಲಿಗೆ ಗೇಣು ದೂರದಲ್ಲಿ ಬಿಸಿ ಹಿಟ್ಟು ಹರಿದು ನಿಂತಿತು.

ಕಳೆದ ತಿಂಗಳು ನಾಗಮಂಗಲದಲ್ಲಿ ನಡೆದ ಹೊಗೆರಹಿತ ಒಲೆ ವಿನ್ಯಾಸದ ಸ್ಪರ್ಧೆ ಅದು. ತೀರ್ಪುಗಾರರಲ್ಲಿ ಹೆಂಗಸರು ಒಬ್ಬರೂ ಇರಲಿಲ್ಲ. ಸೊಂಟದೆತ್ತರದ, ಸಪೂರ ಕಾಲಿನ ಒಲೆಯೊಂದಕ್ಕೆ ಮೊದಲ ಬಹುಮಾನ ಕೊಟ್ಟು, ಅದರಲ್ಲೇ ಮುದ್ದೆ ಮಾಡಿಸಿ ಉಣ್ಣಬೇಕೆಂದು ಅವರಿಗೆ ಆಸೆಯಾಯಿತು. ದಿನವೂ ಮುದ್ದೆ ಉಂಡವರೇ ಎಲ್ಲ. ತಿರುವಿದವರು ಯಾರೂ ಇಲ್ಲ.

ಅಡುಗೆಗೆ ಬಂದಿದ್ದ ಬಿಂಡಿಗನವಿಲೆಯ ಸಾಕಮ್ಮ, "ಮುದ್ದೆ ತಿರುವಕ್ಕೆ ಒಲೆ ನೆಲ ಕಚ್ಕೊಂಡಿರ್ಬೇಕು ಸ್ವಾಮಿ, ಇದು ನಿಲ್ಲಕ್ಕಿಲ್ಲ" ಎಂದಿದ್ದರು.

"ನೀನು ತಿರುವು, ವಿನ್ಯಾಸ ನಮಗೆ ಬುಡು" ಎಂದರು ತೀರ್ಪುಗಾರರ ಅಧ್ಯಕ್ಷರು. ಸಾಕಮ್ಮ ಕೋಲು ಹಾಕಿ ಬಲವಾಗಿ ಮೂರು ಸುತ್ತು ತಿರುವಿದ್ದಷ್ಟೇ.

"ಇಳೀಬೋದಾ ಸಾಕಮ್ನೋರೇ?" ಮೇಜಿನ ಮೇಲಿಂದ ಅಧ್ಯಕ್ಷರ ದನಿ ಬಂತು.

ಸಾಕಮ್ಮ ಅಧ್ಯಕ್ಷರ ಖಾಲಿ ಕುರ್ಚಿಯಲ್ಲೇ ಕೂತರು. "ಅಲ್ಲೇ ಇರಿ. ಮಿಕ್ಕಿದ್ ಒಲೆಗೋಳ ನಾನ್ ನೋಡ್ತೀನಿ."

ಎಂಜಿನಿಯರಿಂಗ್ ಓದಿದವಳಾದರೂ ನಾನು ಅಂದು ಹೂವಿನ ತಟ್ಟೆ ಹಿಡಿದೇ ನಿಂತಿದ್ದೆ. ಈಗಲೂ ಪಾತ್ರೆ ಕುದಿಯುವ ಸದ್ದಿಗೆ ಕಾಲು ತಾನಾಗಿ ಹಿಂದೆ ಸರಿಯುತ್ತದೆ. ಆದರೆ ಯಾರಾದರೂ ಹೂವಿನ ತಟ್ಟೆ ಕೈಗಿಟ್ಟರೆ, ನನ್ನ ಕುರ್ಚಿ ಎಲ್ಲಿದೆ ಎಂದು ಮೊದಲು ಕೇಳುತ್ತೇನೆ.